ಕೊರಗಪ್ಪನ ಗೇರ್‌ಬಾಕ್ಸು

ಐವತ್ತೊಂಬತ್ತನೆಯ ಇಸವಿಯ ಜುಲೈ ತಿಂಗಳ ಒಂದು ಸಂಜೆ, ಹಳಿಗಳ ಮೇಲೆ ನೀರು ಏರಿ ಲೋಕಲ್ ಗಾಡಿಗಳೆಲ್ಲ ನಿಂತುಹೋದವು. ಗ್ರಾಂಟ್ ರೋಡ್ ಸ್ಟೇಶನ್ನಿನ ಎದುರಿಗಿದ್ದ ದೂಜ ಪೂಜಾರಿಯ ಹೋಟೆಲಿನಲ್ಲಿ ಏಳೆಂಟು ಮಂದಿ ಸಿಕ್ಕಿಕೊಂಡರು. ಗಾಡಿ ನಿಂತ ದಿನ ಆ ಹೋಟೆಲಿನಲ್ಲಿ ಎರಡು ಸಂಗತಿ ತಪ್ಪುತ್ತಿರಲಿಲ್ಲ. ಒಂದು, ದೂಜನ ಶುಂಠಿ ಕಷಾಯ. ಇನ್ನೊಂದು, ಗದಿಗೆಪ್ಪ ಮಿಸ್ತ್ರಿ ಇದ್ದರೆ ಅವನ ಕತೆ.

ಗದಿಗೆಪ್ಪ ಧಾರವಾಡದ ಕಡೆಯವನು. ಅರವತ್ತೈದು ದಾಟಿತ್ತು. ಮೋಟಾರು ರಿಪೇರಿ ಬಿಟ್ಟು ಐದು ವರ್ಷವಾದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಹೋದ ವರ್ಷದಿಂದ, ಹಳೆಯ ಗಿರಾಕಿಗಳು ಕೇಳಿದರೆ ಹೇಳುವುದು ಒಂದೇ ಕತೆ. ಕತೆಯೊಳಗಿನ ಮಿಸ್ತ್ರಿ ಬೇರಾರೂ ಅಲ್ಲ, ಎದುರಿಗೆ ಕೂತ ಈ ಮುದುಕನೇ ಎಂಬುದು ಎಲ್ಲರಿಗೂ ಗೊತ್ತು. ಆದರೂ ಅವನು ಮೂರನೆಯವನ ಸಂಗತಿಯೆಂಬಂತೆ ಹೇಳುವನು. ಯಾಕೆಂದು ದೂಜ ಒಮ್ಮೆ ಕೇಳಿದ್ದಕ್ಕೆ, "ನಾಚಿಕಿ ಬರತೈತೋ ಪೂಜಾರಿ. ಬ್ಯಾರೇದವನ ಹೆಗಲ ಮ್ಯಾಲ ಇಟ್ಟರ ನಾಲಿಗಿ ಹೊರಳತೈತಿ" ಅಂದಿದ್ದ.

ಆ ದಿನ ಕತೆ ಹೇಳೆಂದು ಕೇಳಿದವನು ಶೇಖರ. ಫೋರ್ಟಿನ ಬ್ಯಾಂಕೊಂದರಲ್ಲಿ ಗುಮಾಸ್ತ; ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲಿ, ಕನ್ನಡ ಅರ್ಧಂಬರ್ಧ.

"ಕಾಕಾ, ಭೂತ್ ವಾಲಾ ಕತೆ ಹೇಳಿ ನಾ. ಲೇಕಿನ್ ನಿಜದ್ದು ಬೇಕು."

"ಭೂತದ ಕತಿ ಯಾರ್ ಬೇಕಾದವ್ರು ಹೇಳ್ತಾರ ತಮ್ಮಾ. ಇದು ಎಂಜಿನ್ ಬಿಸಿಯಾಗಿ ಕಾಯೋ ಕತಿ. ಎಂಜಿನ್ ಯಾಕ ಕಾಯತೈತಿ ಅಂತ ತಿಳೀದವ್ಗ ದೆವ್ವ ಯಾಕ ಬರತೈತಿ ಅಂತನೂ ತಿಳಿಯಂಗಿಲ್ಲ. ಎಲ್ಲಾರೂ ಸಮೀಪ ಬರ್ರಿ, ಮಳಿ ಸಪ್ಪಳದಾಗ ನನ್ನ ದನಿ ಏಳಂಗಿಲ್ಲ."

ಎಲ್ಲರೂ ಬೆಂಚುಗಳನ್ನು ಹತ್ತಿರ ಎಳೆದುಕೊಂಡರು. ಗದಿಗೆಪ್ಪ ಕಷಾಯ ಕುಡಿದು ಶುರುಮಾಡಿದ.

ಆರು ವರ್ಷದ ಹಿಂದಿನ ಮಾತು, ಕೇಳಿ. ಭಾಂಡುಪಿನಲ್ಲಿ, ಕಾರ್ಖಾನೆಯ ಗೋಡೆಗಳು ಮುಗಿದು ಗದ್ದೆ ಶುರುವಾಗುವ ಕಡೆ, ತಗಡಿನ ಮಾಡಿನದೊಂದು ಗ್ಯಾರೇಜಿತ್ತು. ಅಲ್ಲಿ ಗದಿಗೆಪ್ಪನೆಂಬವನು ಹೆಡ್ ಮಿಸ್ತ್ರಿ. ಬಾನೆಟ್ಟು ಎತ್ತದೆ ಬರೀ ಸದ್ದು ಕೇಳಿ ಗಾಡಿಯ ರೋಗ ಹೇಳುತ್ತಿದ್ದವನು. ಹೇಳಿದ ಹತ್ತರಲ್ಲಿ ಒಂಬತ್ತು ಸರಿಯೂ ಆಗುತ್ತಿದ್ದವು. ಆ ಒಂಬತ್ತರಿಂದಲೇ ಅವನ ತಲೆ ತಿರುಗಿತ್ತು. ಉಳಿದ ಒಂದು? ಅದು ಯಾವತ್ತೂ ಬೇರೆಯವರ ತಪ್ಪು. ಎಣ್ಣೆ ಸರಿಯಿಲ್ಲ, ಡ್ರೈವರ್ ಸರಿಯಿಲ್ಲ, ರಸ್ತೆ ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತಲ್ಲ, ಆ ಜಾತಿಯ ಮನುಷ್ಯ.

ಭಾಂಡುಪಿನಲ್ಲೇ ನೀಲಕಂಠಪ್ಪನೆಂಬ ಬೆಳಗಾವಿಯ ಜವಳಿ ವ್ಯಾಪಾರಿಯ ಮನೆ. ಅವನದೊಂದು ವಿಲಾಯತಿ ಕಾರು, ಯುದ್ಧಕ್ಕೂ ಮೊದಲಿನ ಮಾಡೆಲು. ದಿನಾ ಅದರಲ್ಲೇ ಫೋರ್ಟಿನ ಆಫೀಸಿಗೆ ಹೋಗಿಬರುವನು. ಮಳೆಗಾಲ ಹಿಡಿಯುವ ಹೊತ್ತಿಗೆ ಆ ಕಾರಿನ ಗೇರ್‌ಬಾಕ್ಸಿನ ಹಲ್ಲುಗಳು ಉದುರಿಹೋದವು. ಹೊಸದನ್ನು ತರಿಸೋಣವೆಂದರೆ ಅಷ್ಟು ಹಳೆಯ ಗಾಡಿಯ ಸಾಮಾನು ಆಗ ಎಲ್ಲಿ ಸಿಗಬೇಕು? ಹುಡುಕಿ ಹುಡುಕಿ, ಅದೇ ಮಾಡೆಲಿನ ಒಂದು ಟ್ಯಾಕ್ಸಿಯನ್ನು ಗುಜರಿಗೆ ಹಾಕಿದ್ದಾರೆಂದು ತಿಳಿಯಿತು. ಆ ಟ್ಯಾಕ್ಸಿ ಕೊರಗಪ್ಪನದು.

"ಇದೇ ಎದುರಿನ ಸ್ಟ್ಯಾಂಡಿನ ಕೊರಗಪ್ಪಣ್ಣ ಮಾರಾಯ್ರೇ" ಎಂದು ದೂಜ ದುಡ್ಡಿನ ಗಲ್ಲೆಯಿಂದಲೇ ಕೂಗಿದ. "ನಮ್ಮ ಊರಿನ ಕಡೆಯವರು. ಅವರ ಗಾಡಿಯಲ್ಲಿ ಹಾಲಿನ ಲೋಟ ಹಿಡ್ಕೊಂಡು ಕೂತ್ರೂ ಚೆಲ್ತಿರಲಿಲ್ಲ. ಗಾಡಿ ಸ್ವಲ್ಪ ಬಿಸಿಯಾದ್ರೆ ಸಾಕು, ಪ್ಯಾಸೆಂಜರನ್ನು ಇಳಿಸಿಯಾದ್ರೂ ನೀರು ಹಾಕುದೇ."

ಹೌದು, ಅಂಥವನು. ಆ ವರ್ಷದ ಜನವರಿಯಲ್ಲಿ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತವನು, ಕೂತಲ್ಲೇ ಎದೆ ನಿಂತು ಹೋಗಿಬಿಟ್ಟ. ಅಪಘಾತವಲ್ಲ, ಜಗಳವಲ್ಲ, ಯಾರ ಮೇಲೂ ಸಿಟ್ಟಿಲ್ಲ. ಒಳ್ಳೆಯ ಮನುಷ್ಯನಿಗೆ ಒಳ್ಳೆಯ ಸಾವು. ಅಂಥವನ ಕೈಯಲ್ಲಿ ಪಳಗಿದ ಗೇರ್‌ಬಾಕ್ಸು ಬೆಣ್ಣೆಯ ಹಾಗಿತ್ತು. ಗದಿಗೆಪ್ಪನೇ ಅದನ್ನು ಬಿಚ್ಚಿ ನೋಡಿ, ಹೆಮ್ಮೆಯಿಂದ ಆರಿಸಿ ತಂದದ್ದು.

ಈಗ ಸ್ವಲ್ಪ ಲಕ್ಷ್ಯ ಕೊಟ್ಟು ಕೇಳಿ. ಆ ಮಾಡೆಲಿನಲ್ಲಿ ಗೇರ್‌ಬಾಕ್ಸು ಒಂದನ್ನೇ ಇಳಿಸಲು ಬರುವುದಿಲ್ಲ. ಮುಂದಿನ ರೇಡಿಯೇಟರು ಬಿಚ್ಚಿ, ನೀರಿನ ಪೈಪುಗಳನ್ನು ಕಳಚಿ, ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಟ್ಟಿಗೆ ಚೈನು ಹಾಕಿ ಎತ್ತಬೇಕು. ಪೈಪು ಕಳಚಿದ ಮೇಲೆ ಎಂಜಿನ್ನಿನ ಕೆಳಗೆ ನೀರು ಹೋಗುವ ಬಾಯಿ ತೆರೆದೇ ಇರುತ್ತದೆ. ಅದರೊಳಗೆ ನಟ್ಟೋ ಬೋಲ್ಟೋ ಬಿದ್ದೀತೆಂದು ಮಿಸ್ತ್ರಿಯಾದವನು ಒಂದು ಚಿಂದಿ ಬಟ್ಟೆ ತುರುಕಿಡುತ್ತಾನೆ. ಒಳ್ಳೆಯ ರೂಢಿ, ಆಮೇಲೆ ತೆಗೆಯುವ ನೆನಪಿದ್ದರೆ... ಗದಿಗೆಪ್ಪ ತುರುಕಿದ. ತೆಗೆಯುವುದನ್ನು ಮರೆತ. ಚಿಂದಿಯ ಮೇಲೆಯೇ ಪೈಪು ಕೂರಿಸಿ, ಬಿಗಿದು, ಕೈ ತೊಳೆದುಕೊಂಡ.

ಮೊದಲ ದಿನವೇ ಕಾರು ಘಾಟ್ಕೋಪರ್ ದಾಟುವಷ್ಟರಲ್ಲಿ ಕುದಿಯಿತು. ನಿಂತಲ್ಲಿ ಓಡಿಸಿದರೆ ತಣ್ಣಗೆ ಇರುತ್ತದೆ, ನಾಲ್ಕು ಮೈಲಿ ಹೋದರೆ ಬಾನೆಟ್ಟಿನ ಸಂದಿಯಿಂದ ಬುಸುಬುಸು ಹಬೆ. ನೀಲಕಂಠಪ್ಪ ಗ್ಯಾರೇಜಿಗೆ ತಂದ. ಗದಿಗೆಪ್ಪ ಫ್ಯಾನಿನ ಪಟ್ಟಿ ಬಿಗಿದ. ಮತ್ತೆ ಕುದಿಯಿತು. ರೇಡಿಯೇಟರು ಇಳಿಸಿ ಸೋಡಾ ಹಾಕಿ ತೊಳೆದ. ಈ ಕಡೆ ಹಾಕಿದ ನೀರು ಆ ಕಡೆ ಧೋ ಎಂದು ಬಂತು, ಕುದಿಯುವುದು ಮಾತ್ರ ನಿಲ್ಲಲಿಲ್ಲ. ಕಿಡಿ ತಡವಾಗಿ ಬೀಳುತ್ತಿದೆಯೇನೋ ಎಂದು ಟೈಮಿಂಗು ನೋಡಿದ, ಬ್ರೇಕು ಚಕ್ರ ಹಿಡಿದುಕೊಂಡು ಎಳೆಯುತ್ತಿದೆಯೇನೋ ಎಂದು ಸಡಿಲಿಸಿದ, ಎಂಜಿನ್ನಿನ ತಲೆಯನ್ನೇ ಬಿಚ್ಚಿ ಹೊಸ ಗ್ಯಾಸ್ಕೆಟ್ಟು ಹಾಕಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಹದಿನೈದು ದಿನದಲ್ಲಿ ಆ ಕಾರಿನಲ್ಲಿ ಅವನು ಮುಟ್ಟದ ಜಾಗವಿರಲಿಲ್ಲ... ಒಂದನ್ನು ಬಿಟ್ಟು. ಆ ಕೆಳಗಿನ ಪೈಪು ಎಂಜಿನ್ನಿಗೆ ಸೇರುವ ಗಂಟು. ಯಾಕೆ ಮುಟ್ಟಲಿಲ್ಲ? ಅದನ್ನು ಕಟ್ಟಿದವನು ತಾನೇ ಅಲ್ಲವೇ! ತಾನು ಕಟ್ಟಿದ್ದನ್ನು ತಾನೇ ಅನುಮಾನಿಸಿದರೆ ಹೆಡ್ ಮಿಸ್ತ್ರಿ ಹೇಗಾದಾನು?

ಕೊನೆಗೊಂದು ದಿನ ನೀಲಕಂಠಪ್ಪ ಕಾರನ್ನು ಎತ್ತಿನ ಗಾಡಿಗೆ ಕಟ್ಟಿಸಿಕೊಂಡು ಗ್ಯಾರೇಜಿಗೆ ಬಂದ. ಹತ್ತು ಜನ ಕೆಲಸಗಾರರು, ನಾಲ್ಕಾರು ಟ್ಯಾಕ್ಸಿ ಡ್ರೈವರುಗಳು, ಎಲ್ಲರ ಎದುರಿಗೆ ಒಂದೇ ಮಾತು ಅಂದ.

"ಗೇರ್‌ಬಾಕ್ಸ್ ಬದಲಿ ಮಾಡೋಕಿಂತ ಮದ್ಲ ಈ ಗಾಡಿ ಒಂದ್ ದಿನಾನೂ ಕಾದಿದ್ದಿಲ್ಲ. ನಿನ್ನ ಕೈ ಬಿದ್ದ ಮ್ಯಾಲ ಕಾಯಾಕತ್ತೈತಿ. ನಿನ್ನ ಕೈಯಾಗ ಏನೋ ಐತಿ ನೋಡು ಗದಿಗೆಪ್ಪ."

ಯಾರೋ ಹಿಂದೆ ಕಿಸಕ್ಕೆಂದು ನಕ್ಕರು. ಆ ನಗೆಯೊಂದು ಇಲ್ಲದಿದ್ದರೆ ಈ ಕತೆಯೇ ಇರುತ್ತಿರಲಿಲ್ಲವೇನೋ. ಗದಿಗೆಪ್ಪನ ಮುಖಕ್ಕೆ ರಕ್ತ ಏರಿತು, ಬಾಯಿ ತಾನಾಗಿ ತೆರೆಯಿತು.

"ನನ್ನ ಕೈಯಾಗ ಏನೂ ಇಲ್ರಿ ಸಾಹುಕಾರ್ರ. ಆ ಪೆಟಿಗ್ಯಾಗ ಐತಿ. ಸತ್ತವನ ಗಾಡೀದು ಅದು. ಕೊರಗಪ್ಪ ಜೀವಾ ಬಿಡೋ ಮುಂದ ಕೈ ಗೇರಿನ ಮ್ಯಾಲ ಇತ್ತಂತ. ಅಂವ ಇನ್ನೂ ಕೈ ತಗದಿಲ್ಲ. ಅದಕ್ಕ ಕಾಯತೈತಿ."

ನಗುತ್ತಿದ್ದವರು ಸುಮ್ಮನಾದರು. ನೀಲಕಂಠಪ್ಪನೂ ಹಣೆಗೆ ಕೈ ಮುಟ್ಟಿಸಿ ಎರಡು ಹೆಜ್ಜೆ ಹಿಂದೆ ಸರಿದ. ಗದಿಗೆಪ್ಪನಿಗೆ ಎಷ್ಟು ಹಗುರವಾಯಿತು ಗೊತ್ತೇ? ಜಟ್ಟಿ ಕೆಳಗೆ ಬಿದ್ದಿದ್ದ, ಮೀಸೆ ಮಾತ್ರ ಮಣ್ಣಾಗಲಿಲ್ಲ. ಸತ್ತವನು ಎದ್ದು ಬಂದು ಇಲ್ಲವೆನ್ನುತ್ತಾನೆಯೇ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿದ್ದ ಡ್ರೈವರುಗಳು ಆ ಮಾತನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡೇ ಗ್ರಾಂಟ್ ರೋಡಿಗೆ ತಂದರು. ಕೊರಗಪ್ಪನ ಹೆಂಡತಿ ಸೇವಂತಿ ಇಲ್ಲಿಯ ಒಂದು ಚಾಳಿನಲ್ಲಿ, ಒಂದೇ ಕೋಣೆಯಲ್ಲಿ, ಹತ್ತು ಹನ್ನೆರಡು ಡ್ರೈವರುಗಳಿಗೆ ಮಧ್ಯಾಹ್ನದ ಊಟ ಹಾಕಿಕೊಂಡು ಜೀವನ ಮಾಡುತ್ತಿದ್ದಳು. ವಾರದೊಳಗೆ ಊಟಕ್ಕೆ ಬರುವವರು ಇಬ್ಬರಾದರು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಗದಿಗೆಪ್ಪನಿಗೆ ಅದು ಗೊತ್ತಿರಲಿಲ್ಲ, ಘಟ್ಟದ ಮೇಲಿನವನಿಗೆ ಹೇಗೆ ಗೊತ್ತಾಗಬೇಕು? ದೂಜನನ್ನೇ ಕೇಳಿ.

ದೂಜ ಗಲ್ಲೆ ಬಿಟ್ಟು ಹತ್ತಿರ ಬಂದ. "ನಮ್ಮಲ್ಲಿ ಒಂದು ಕ್ರಮ ಉಂಟು. ಸತ್ತವರು ಬೊಜ್ಜದವರೆಗೆ, ಅಂದ್ರೆ ಉತ್ತರಕ್ರಿಯೆ ಆಗುವವರೆಗೆ, ಹೊರಗೇ ಇರುದು. ಬೊಜ್ಜ ಆದ ದಿನ ಎಲೆ ಬಡಿಸಿ, ಬಾಗಿಲು ತೆಗ್ದು, ಹೆಸರು ಹಿಡಿದು ಒಳಗೆ ಬನ್ನಿ ಅಂತ ಕರೀಬೇಕು. ಆಮೇಲೆ ಅವರು ಮನೆಯ ಹಿರಿಯರ ಒಟ್ಟಿಗೆ ಮನೆಯಲ್ಲೇ. ಸೇವಂತಕ್ಕ ಅದೆಲ್ಲ ಸರಿಯಾಗಿ ಮಾಡಿದ್ರು, ನಾನೇ ಹೋಗಿದ್ದೆ. ಈಗ ಅವರು ಗಾಡಿಯ ಪೆಟ್ಟಿಗೆಯಲ್ಲಿ ಉಂಟು ಅಂದ್ರೆ ಅರ್ಥ ಎಂತ? ಹೆಂಡತಿ ಕರೆದದ್ದು ಸರಿ ಆಗ್ಲಿಲ್ಲ ಅಂತಲೇ ಅಲ್ವಾ? ಚಾಳಿನವರೆಲ್ಲ ಅವರ ಮುಖಕ್ಕೇ ಅಂದ್ರು."

ಹೀಗಾಗಿತ್ತು. ಇತ್ತ ಗದಿಗೆಪ್ಪನಿಗೆ ಮಾತ್ರ ನೆಮ್ಮದಿಯಿಲ್ಲ. ಗೇರ್‌ಬಾಕ್ಸಿನಲ್ಲಿ ದೆವ್ವವಿಲ್ಲವೆಂದು ಇಡೀ ಮುಂಬಯಿಯಲ್ಲಿ ಖಚಿತವಾಗಿ ಗೊತ್ತಿದ್ದವನು ಅವನೊಬ್ಬನೇ ತಾನೇ? ಮತ್ತೆ ಯಾಕೆ ಕುದಿಯುತ್ತದೆ? ಒಂದು ಭಾನುವಾರ, ಗ್ಯಾರೇಜಿಗೆ ರಜೆ, ಒಬ್ಬನೇ ಹೋಗಿ ಕಾರಿನ ಕೆಳಗೆ ಮಲಗಿದ. ಯಾರೂ ನೋಡುವವರಿಲ್ಲದ್ದರಿಂದ ಅವನಿಗೆ ತನ್ನ ಕೈಯನ್ನು ಅನುಮಾನಿಸುವ ಧೈರ್ಯ ಬಂತು. ಆ ಕೆಳಗಿನ ಪೈಪು ಕಳಚಿದ. ಬೆರಳು ತೂರಿಸಿದ. ಮೆತ್ತಗಿನದೇನೋ ತಗುಲಿತು. ಎಳೆದ... ಮೊಳದುದ್ದ ಬಂತು. ಕೆಂಪು ದಡಿಯ ಇಳಕಲ್ ಸೀರೆಯ ಚಿಂದಿ. ಅವನ ಹೆಂಡತಿ ನಾಗವ್ವ ಹಳೆಯ ಸೀರೆ ಹರಿದು ಕೊಟ್ಟದ್ದು. ಆ ಬಗೆಯ ಚಿಂದಿ ಇಡೀ ಗ್ಯಾರೇಜಿನಲ್ಲಿ ಅವನೊಬ್ಬನ ಬಳಿಯಷ್ಟೇ ಇತ್ತು. ಇನ್ನು ಯಾರ ಮೇಲೆ ಹಾಕುವುದು?

ಅದೇ ಹೊತ್ತಿಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ಕಾರಿನ ಕೆಳಗಿನಿಂದ ನೋಡಿದರೆ ನೆನೆದ ಎರಡು ಪಾದ. ಸೇವಂತಿ. ಕೈಯಲ್ಲಿ ಬುತ್ತಿ, ಕಂಕುಳಲ್ಲಿ ಸುತ್ತಿದ ಬಾಳೆಲೆ. ಗ್ರಾಂಟ್ ರೋಡಿನಿಂದ ಭಾಂಡುಪಿಗೆ ಆ ಮಳೆಯಲ್ಲಿ ಬಂದಿದ್ದಳು. ಗದಿಗೆಪ್ಪ ಎದ್ದು ನಿಂತ. ಚಿಂದಿ ಕೈಯಲ್ಲೇ ಇತ್ತು, ಅದರಿಂದ ತುಕ್ಕಿನ ನೀರು ತೊಟ್ಟಿಕ್ಕುತ್ತಿತ್ತು.

"ಮಿಸ್ತ್ರಿಗಳೇ" ಅಂದಳು, "ನಾನು ದಿನಾ ರಾತ್ರಿ ಅವರಿಗೆ ಒಂದು ಲೋಟ ನೀರು ಇಡುದು. ಬೆಳಿಗ್ಗೆ ನೋಡಿದ್ರೆ ಎರಡು ಬೆರಳು ಕಮ್ಮಿ ಆಗಿರ್ತದೆ. ಅವರು ಮನೆಯಲ್ಲಿ ಉಂಟು ಅಂತ ಧೈರ್ಯದಲ್ಲಿ ಇದ್ದೆ ನಾನು. ಈಗ ಎಲ್ಲರೂ ಹೇಳ್ತಾರೆ, ಅದು ಇಲಿ ಕುಡಿದದ್ದು ಅಂತ. ನೀವು ಗಾಡಿಯನ್ನು ಒಳಗಿಂದ ನೋಡಿದವರು. ಒಂದು ಮಾತು ನಿಜ ಹೇಳಿ. ಗಾಡಿಯಲ್ಲಿ ಇರುದು ಅವರೇನಾ?"

ಹೇಳಿ, ಎಷ್ಟು ಸುಲಭವಿತ್ತು! ಕೈಯೆತ್ತಿ ಚಿಂದಿ ತೋರಿಸಿದ್ದರೆ ಸಾಕಿತ್ತು, ಬಾಯಿ ಬಿಡುವ ಅಗತ್ಯವೂ ಇರಲಿಲ್ಲ. ಅಲ್ಲಿ ನಗುವವರು ಯಾರೂ ಇರಲಿಲ್ಲ. ಒಬ್ಬ ಹೆಂಗಸು, ಒಂದು ಕಾರು, ಮಳೆ. ಆ ಹೆಂಗಸಿನ ಬಾಳಿನಲ್ಲಿ ಉಳಿದಿದ್ದದ್ದು ಲೋಟದೊಳಗಿನ ಎರಡು ಬೆರಳು ನೀರಿನ ನಂಬಿಕೆ ಮಾತ್ರ. ಗದಿಗೆಪ್ಪ ಏನು ಮಾಡಿದ? ಕೈಯನ್ನು ಬೆನ್ನ ಹಿಂದೆ ಒಯ್ದ. "ಹೌದವ್ವಾ" ಅಂದ.

ಅವಳು ಅಳಲಿಲ್ಲ. ಬಾನೆಟ್ಟಿನ ಎದುರಿಗೆ ನೆಲ ಒರೆಸಿ ಎಲೆ ಹಾಸಿದಳು. ಅನ್ನ, ಕೋಳಿಸಾರು, ಕೊರಗಪ್ಪನಿಗೆ ಇಷ್ಟವಾದ ಒಣಸಿಗಡಿಯ ಚಟ್ನಿ. ಆಮೇಲೆ ಕಾರಿನ ಕಡೆ ಬಗ್ಗಿ, ತಮ್ಮ ತುಳುವಿನಲ್ಲಿ, ಸಿಟ್ಟು ಮಾಡಿಕೊಂಡು ಹೋದ ಮಗುವನ್ನು ಕರೆಯುವಂತೆ ಮೆಲ್ಲಗೆ ಕರೆದಳು. ಇಲ್ಲಿ ಯಾಕೆ ಕೂತಿರಿ, ನನ್ನಿಂದ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಏಳಿ, ಮನೆಗೆ ಹೋಗುವ. ಮೂರು ಸಲ ಕರೆದಳು. ಗದಿಗೆಪ್ಪ ಚಿಂದಿಯನ್ನು ಮುಷ್ಟಿಯಲ್ಲಿ ಹಿಂಡಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅನ್ನಿಸಿದರೆ ಏನಾಯಿತು, ಬಾಯಿ ಬಿಡಬೇಕಾದದ್ದು ಭೂಮಿಯಲ್ಲ, ಅವನು.

ಅವಳು ಹೋದ ಮೇಲೆ ಪೈಪು ಕಟ್ಟಿ, ನೀರು ತುಂಬಿ, ಕತ್ತಲಾಗುವ ಮುಂಚೆ ನೋಡೋಣವೆಂದು ಕಾರನ್ನು ಮುಲುಂದಿನ ಕಡೆ ಓಡಿಸಿದ. ಆರು ಮೈಲಿ. ತಣ್ಣಗೆ ಓಡಿತು. ತಿರುಗಿ ಬರುವಾಗ, ರಸ್ತೆಯಂಚಿನ ದೀಪದ ಕಂಬದ ಕೆಳಗೆ ಖಾಕಿ ಕೋಟಿನವನೊಬ್ಬ ಕೈಯೆತ್ತಿದ. ಡ್ರೈವರಿಗೆ ಡ್ರೈವರು ತೋರಿಸುವ ಹಾಗೆ, ಅಂಗೈ ಕೆಳಗೆ ಮಾಡಿ, ನಿಧಾನ ಎಂಬಂತೆ. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಅವನು ನೆನೆಯುತ್ತಾ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತ.

"ತಣ್ಣಗುಂಟು" ಅಂದ.

ಬದುಕಿದ್ದಾಗ ಕೇಳಿದ್ದ ದನಿ, ಕೊರಗಪ್ಪನದು. ಸಿಟ್ಟಿನ ದನಿಯಲ್ಲ, ಕೇಳಿ. ಸಿಟ್ಟಾಗಿದ್ದರೆ ಗದಿಗೆಪ್ಪ ಹೆದರಿ ಓಡುತ್ತಿದ್ದ, ಜ್ವರ ಬಂದು ಮಲಗುತ್ತಿದ್ದ, ನಾಲ್ಕು ದಿನಕ್ಕೆ ಮರೆಯುತ್ತಿದ್ದ. ಅದು ದಾರಿ ತಪ್ಪಿದವನು ವಿಳಾಸ ಕೇಳುವ ದನಿ.

"ನಾನು ಮನೆಯಲ್ಲೇ ಇದ್ದೆನಲ್ಲ ಮಿಸ್ತ್ರಿ... ಅವಳು ಕರೆದಲ್ಲಿ, ಒಳಗೇ ಇದ್ದೆ. ಇವತ್ತು ಗಾಡಿಯ ಹತ್ರ ನಿಂತು ಕರೆದಳು. ನಾನು ಮನೆಯಲ್ಲಿ ಇಲ್ಲ ಅಂತ ಅವಳೇ ಹೇಳಿದ ಮೇಲೆ ಅಲ್ಲಿ ಇರುದು ಹೇಗೆ? ಗಾಡಿಗೆ ಬಂದೆ. ಇಲ್ಲಿಯೂ ನಂದೇನೂ ಇಲ್ಲ. ಈಗ ಎಲ್ಲಿಗೆ ಹೋಗುದು?"

ಹೋಟೆಲಿನಲ್ಲಿ ಗದಿಗೆಪ್ಪ ಕಷಾಯದ ಲೋಟ ಎತ್ತಿ, ಅದು ಖಾಲಿಯಾದದ್ದನ್ನು ನೋಡಿ ಕೆಳಗಿಟ್ಟ.

ಮರುದಿನವೇ ಅವನು ಚಿಂದಿಯನ್ನು ಜೇಬಿನಲ್ಲಿ ಹಾಕಿಕೊಂಡು ಸೇವಂತಿಯ ಚಾಳಿಗೆ ಹೋದ. ಹೇಳಲೇಬೇಕೆಂದು ಹೋದ, ಅಷ್ಟರಮಟ್ಟಿಗೆ ಅವನನ್ನು ನಂಬಿ. ಹೋಗಿ ನೋಡಿದರೆ ಊಟಕ್ಕೆ ಜನ ತುಂಬಿತ್ತು. ನೀಲಕಂಠಪ್ಪ ಬೆಳಿಗ್ಗೆ ಫೋರ್ಟಿಗೆ ಒಯ್ದ ಕಾರು ತಣ್ಣಗೆ ಓಡಿದ ಸುದ್ದಿ, ಡ್ರೈವರುಗಳ ಬಾಯಿಂದ, ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಸೇವಂತಿ ಹೋಗಿ ಕರೆದಳು, ಕೊರಗಪ್ಪ ಇಳಿದು ಬಂದ ಎಂದು ಚಾಳೆಲ್ಲ ಹೊಗಳುತ್ತಿತ್ತು. ಅವಳು ಗದಿಗೆಪ್ಪನನ್ನು ಕಂಡವಳೇ ಚಾಪೆ ಹಾಕಿದಳು, ಎಲ್ಲರೆದುರು ಕೈ ಮುಗಿದಳು. "ನೀವು ನಿಜ ಹೇಳಿದ್ರಿಂದ ನನಗೆ ದಾರಿ ಸಿಕ್ಕಿತು" ಅಂದಳು. ಊಟ ಬಡಿಸಿದಳು. ಅವನು ಉಂಡ. ನಾಚಿಕೆಗೆಟ್ಟವನು, ಎಲೆಯಲ್ಲಿ ಒಂದಗುಳೂ ಬಿಡಲಿಲ್ಲ.

ಹೊರಡುವಾಗ ಅವಳು ಬಾಗಿಲವರೆಗೆ ಬಂದು ದನಿ ತಗ್ಗಿಸಿ, "ಒಂದೇ ಸಂಶಯ ಮಿಸ್ತ್ರಿಗಳೇ. ನಿನ್ನೆ ರಾತ್ರಿ ಲೋಟದ ನೀರು ಒಂದು ಚೂರೂ ಕಮ್ಮಿ ಆಗ್ಲಿಲ್ಲ. ಬಂದ ಸುಸ್ತ್ ಇರ್ಬೇಕು, ಅಲ್ವಾ?" ಅಂದಳು.

"ಇರಬೇಕವ್ವಾ" ಅಂದು ಮೆಟ್ಟಿಲಿಳಿದ. ಅವಳಿಗೆ ಹೇಳಿದ ಎರಡನೆಯ ಸುಳ್ಳು. ಆಮೇಲೆ ವರ್ಷದೊಳಗೆ ಅವನು ಗ್ಯಾರೇಜಿನ ಕೆಲಸ ಬಿಟ್ಟ. ಮಳೆ ಬಿದ್ದಾಗಲೆಲ್ಲ, ಅವನು ಎಲ್ಲೇ ಇರಲಿ, ಖಾಕಿ ಕೋಟಿನವನು ಹೊರಗೆ ನಿಂತಿರುವನು. ಹಗಲಿನಲ್ಲೂ. ಒಳಗೆ ಬರುವುದಿಲ್ಲ, ಬೈಯುವುದಿಲ್ಲ. ಅವನದು ಅದೊಂದೇ ಪ್ರಶ್ನೆ, ಎಲ್ಲಿಗೆ ಹೋಗುವುದು?

ಗದಿಗೆಪ್ಪ ಖಾಲಿ ಲೋಟವನ್ನು ದೂಜನ ಕಡೆ ಸರಿಸಿದ. ಶೇಖರ ಮೆಲ್ಲಗೆ ಕೇಳಿದ.

"ಆಮೇಲೆ ಕಭೀ ಹೇಳಲಿಲ್ವಾ ಕಾಕಾ? ಆ ಬಾಯಿಗೆ, ಸೇವಂತಿಗೆ?"

"ಹ್ವಾದ ವರ್ಷ ಆಕಿ ತೀರಿಕೊಂಡ್ಲು" ಅಂದ ಗದಿಗೆಪ್ಪ. "ನಾ ಏನ್ ತಿಳ್ಕೊಂಡೆ ಗೊತ್ತೇನು? ಗಂಡಾ ಹೆಂಡ್ತಿ ಕೂಡಿದ್ರು, ಇನ್ನ ಅಂವನ ಎಲ್ಲಾ ಹೇಳಿಕೊಳ್ತಾನ, ನನ್ನ ಹೊರಿ ಇಳೀತು ಅಂತ ತಿಳ್ಕೊಂಡೆ. ಒಳಗೊಳಗ ಖುಷಿನೂ ಆತು, ಸುಳ್ಳ್ಯಾಕ ಹೇಳ್ಲಿ. ಈಗ ಮಳಿಯಾಗ ಇಬ್ರು ನಿಂತಿರ್ತಾರ. ಮೊಳದ ಅಂತರದಾಗ. ಅಂವ ಆಕೀನ್ನ ನೋಡ್ತಾನ. ಆಕಿಗೆ ಅಂವ ಕಾಣಂಗಿಲ್ಲ. ರಸ್ತೇದಾಗ ಹೋಗೋ ಒಂದೊಂದು ಗಾಡೀನೂ ಬಗ್ಗಿ ಬಗ್ಗಿ ನೋಡ್ತಾಳ. ಗಾಡ್ಯಾಗ ಅದಾನ ಅಂತ ನಾ ಹೇಳೀನಲ್ಲ, ಅದನ್ನ ಆಕಿ ಇನ್ನೂ ನಂಬ್ಯಾಳ."

"ಹೇಳಿಬಿಡಿ ಮಾರಾಯ್ರೇ!" ದೂಜ ಮುಂದಕ್ಕೆ ಬಗ್ಗಿದ. "ಒಂದು ಮಾತು. ಸತ್ತವರ ಎದುರು ಎಂತ ನಾಚಿಕೆ?"

"ನಾನೂ ಹಂಗ ಅನಕೋತನ ಹೋಗ್ತೀನಿ. ಅಷ್ಟರಾಗ ಆಕೀನ ಮುಂದ ಬಂದು ಕೈ ಮುಗೀತಾಳ. ಗಾಡ್ಯಾಗ ಇರೋದು ಅವರೇನಾ ಅಂತ, ಜೀವಂತ ಇದ್ದಾಗ ಕೇಳಿದ್ದನ್ನ ಕೇಳ್ತಾಳ... ಈಗ ನಾ ಇಲ್ಲಿ ಬರೋ ಮುಂದ, ಸ್ಟೇಶನ್ನಿನ ಮೆಟ್ಟಲ ಹತ್ರನೂ ಕೇಳಿದ್ಲು. ಅಂವ ಆಕಿ ಬಾಜೂಕ ನಿಂತು ನನ್ನ ಬಾಯಿ ನೋಡಾಕತ್ತಿದ್ದ."

"ನೀವು ಎಂತ ಹೇಳಿದ್ರಿ?"

ಗದಿಗೆಪ್ಪ ತಲೆ ತಗ್ಗಿಸಿದ.

"ಹೌದು ಅಂದೆ."